ಅಕ್ಷರದ ಹೊಟ್ಟೆ ಕಾಯುವ ಕೋಟಮ್ಮ

ಬೆಳಗಿನ ಐದೂವರೆ. ಗುಂಟೂರಿನ ಮೆಣಸಿನಕಾಯಿ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಘಾಟಿಗೆ ಬೀದಿನಾಯಿಯೂ ಸೀನುತ್ತಿದೆ. ಕೋಟಮ್ಮನವರಿಗೆ ಮಾತ್ರ ಅದರ ಪರಿವೆಯೇ ಇಲ್ಲ. ಮರದ ದಿಮ್ಮಿಯ ಮೇಲೆ ತಗಡು ಹಾಸಿ, ಉಳಿಯಿಂದ ಅಂಗೈಯಗಲದ ದಪ್ಪನೆಯ 'ವ' ಕೊರೆಯುತ್ತಿದ್ದಾರೆ. ಈ ತಗಡನ್ನು ಚೀಲದ ಮೇಲಿಟ್ಟು ಹಮಾಲರು ಕುಂಚ ಎಳೆದರೆ ಸಾಕು, ವರ್ತಕರ ಹೆಸರು ಮೂಡುತ್ತದೆ. ಲಾರಿ ತುದಿಯ ಚೀಲವನ್ನೂ ನೆಲದಲ್ಲಿ ನಿಂತೇ ಓದಬಹುದು, ಅಂಥ ಗಟ್ಟಿಮುಟ್ಟಾದ ಅಕ್ಷರ!

"ಅಕ್ಷರದೊಳಗಿನ ದುಂಡನೆ ತುಂಡಿಗೆ ಹೊಟ್ಟೆ ಅಂತೀವಿ. ಅದು ಉದುರದ ಹಾಗೆ ಹಿಡಿಯೋ ಸಣ್ಣ ಪಟ್ಟೀನೇ ಕಟ್ಟು. ಮೊದಲನೇ ದಿನ ಕಟ್ಟು ಉಳಿಸೋದೇ ಮರೆತೆ. ಹೊಟ್ಟೆ ಠಣ್ ಅಂತ ಬಿತ್ತು. ಕೆಲಸ ಕಲಿಸ್ತಿದ್ದ ನಮ್ಮ ಮಾವ ಅದನ್ನ ಎತ್ತಿಕೊಟ್ಟು, 'ತಗೋ ತಾಯಿ, ಮಧ್ಯಾಹ್ನ ಇದನ್ನೇ ಅನ್ನಕ್ಕೆ ಕಲಸ್ಕೋ' ಅಂದ್ರು!" ಎಂದು ಕೋಟಮ್ಮ ಹೊಟ್ಟೆ ಹಿಡಿದು ನಗುತ್ತಾರೆ.

ಅದಾಗಿ ಮೂವತ್ತೇಳು ವರ್ಷ. ದಿನಕ್ಕೆ ಹದಿನಾಲ್ಕು ಅಕ್ಷರ ಕೊರೆಯುತ್ತಿದ್ದ ಕೈ ಈಗ ಒಂಬತ್ತಕ್ಕೇ ಸೋಲುತ್ತದೆ. ಬೆಳಿಗ್ಗೆ ಬೆರಳು ಮಡಚಬೇಕಾದರೆ ಬಿಸಿನೀರೇ ಗತಿ.

ಹೈದರಾಬಾದಿನ ಅಕ್ಷರ ವಿನ್ಯಾಸಕ ಫಣೀಂದ್ರ ಕೋಟಮ್ಮನವರ ಅಕ್ಷರಗಳಿಗೆ ಮನಸೋತು, ಅವನ್ನೇ ಕಂಪ್ಯೂಟರಿಗೆ ಇಳಿಸಿದ್ದಾನೆ. ಬರುವ ತಿಂಗಳಿಂದ ಮಾರುಕಟ್ಟೆಯ ತಗಡುಗಳನ್ನೆಲ್ಲ ಅದೇ ಅಕ್ಷರಗಳಲ್ಲಿ ಯಂತ್ರವೇ ಕೊರೆಯಲಿದೆ. "ಹೊಟ್ಟೆ ಮೇಲೆ ಹೊಡೆಯೋನಿಗೆ ಟೀ ಬೇರೆ ಕೊಡ್ತೀಯಲ್ಲಕ್ಕಾ!" ಎಂದು ಹಮಾಲಿ ಸುಭಾನಿ ಚುಚ್ಚುತ್ತಾನೆ. ಕೋಟಮ್ಮನವರ ಕಣ್ಣು ಮಾತ್ರ ಫಣೀಂದ್ರ ಅಚ್ಚುಹಾಕಿ ತಂದ ಅಕ್ಷರಗಳ ಹಾಳೆಯ ಮೇಲಿದೆ.

"ಬಾಬೂ, ನನ್ನ ಓರೆ ಕಟ್ಟುಗಳನ್ನೆಲ್ಲ ನೆಟ್ಟಗೆ ನಿಲ್ಲಿಸಿದ್ದೀಯಲ್ಲ?"

"ನೋಡೋಕೆ ಚೆಂದ ಚಿಕ್ಕಮ್ಮಾ. ಕಂಪ್ಯೂಟರಲ್ಲಿ ಹೊಟ್ಟೆ ಏನೂ ಉದುರಲ್ಲ."

"ಉದುರದಿದ್ರೆ ಕಟ್ಟು ಯಾಕಪ್ಪಾ? ಒಡವೇನಾ ಅದು?"

ಕೋಟಮ್ಮ ಅಷ್ಟಕ್ಕೇ ಬಿಡುವವರಲ್ಲ. ವರ್ತಕ ವೆಂಕಟಪ್ಪಯ್ಯನವರ ಹೆಸರಿಗೆ ಯಂತ್ರ ಮಾದರಿಗೆಂದು ಕೊರೆದ ತಗಡೊಂದನ್ನು ತರಿಸಿ ಸುಭಾನಿಯ ಕೈಗೆ ಕೊಡುತ್ತಾರೆ. ಹಮಾಲರ ಕುಂಚ ಬಲದ ಮೇಲಿನಿಂದ ಎಡದ ಕೆಳಕ್ಕೆ ಇಳಿಯುತ್ತದೆ. ಕೋಟಮ್ಮನವರ ಕಟ್ಟು ಅದೇ ದಾರಿಗೆ ಓರೆಯಾಗಿ ಮಲಗಿರುತ್ತದೆ. ನೆಟ್ಟಗಿನ ಕಟ್ಟು ಕುಂಚಕ್ಕೆ ಅಡ್ಡ ಸಿಕ್ಕಿ, ಇಪ್ಪತ್ತನೇ ಚೀಲಕ್ಕೇ ಬಾಗುತ್ತದೆ. ಹೊಟ್ಟೆ ವಾಲಿ, 'ವ' ಬರೀ ಬಣ್ಣದ ಮುದ್ದೆಯಾಗುತ್ತದೆ.

"ಆಹಾ, ವೆಂಕಟಪ್ಪಯ್ಯನವರಿಗೆ ಹೊಟ್ಟೆ ತುಂಬಿಹೋಯ್ತು!" ಎಂದು ಸುಭಾನಿ ಕೂಗುತ್ತಾನೆ. ಅದೇ ವರ್ತಕರ ಹೆಸರಿಗೆ ಕೋಟಮ್ಮ ಕೊರೆದಿದ್ದ ತಗಡು ಎರಡು ಹಂಗಾಮು ಕಂಡರೂ ಜಗ್ಗಿಲ್ಲ. ಫಣೀಂದ್ರ ನೆಲದಲ್ಲೇ ಕುಳಿತು, ಕೋಟಮ್ಮ ತೋರಿಸಿದಂತೆ ಹಾಳೆಯ ಮೇಲಿನ ಒಂದೊಂದೇ ಕಟ್ಟನ್ನು ಓರೆ ಮಾಡತೊಡಗುತ್ತಾನೆ.

ಈಗ ಸುಭಾನಿಗೇ ಸಂಕಟ. "ಅಕ್ಕಾ, ನೀನು ಸುಮ್ಮನಿದ್ದಿದ್ರೆ ಯಂತ್ರ ತಾನೇ ಸೋಲ್ತಿತ್ತು. ಕೆಲಸ ನಿನ್ನ ಹತ್ರಾನೇ ಉಳೀತಿತ್ತು."

"ಎಷ್ಟು ದಿನ? ಈ ಬೆರಳಿನ ಆಟ ಇನ್ನೆರಡು ವರ್ಷ. ನಾನು ಹೋದ್ಮೇಲೆ ನನ್ನ 'ವ' ಮುದ್ದೆ ಆಗಬೇಕೇನೋ?"

ಕಂಪ್ಯೂಟರಿನ ಈ ಅಕ್ಷರಶೈಲಿಗೆ ಅವರ ಹೆಸರನ್ನೇ ಇಡುತ್ತೇನೆ ಎನ್ನುತ್ತಾನೆ ಫಣೀಂದ್ರ. ಕೋಟಮ್ಮ ಕೈ ಅಲ್ಲಾಡಿಸಿ ಬೇಡವೆನ್ನುತ್ತಾರೆ.

"ಓರೆಕಟ್ಟು ಅಂತ ಇಡು ಬಾಬೂ. ಆಗ ಮುಂದೆ ಯಾರೂ ಅದನ್ನ ನೆಟ್ಟಗೆ ಮಾಡೋಕೆ ಹೋಗಲ್ಲ."