ದೊಡ್ಡಕ್ಕನ ಜಾಗ

ಗಂಡನ ದರ್ಜಿ ಅಂಗಡಿ ಮುಚ್ಚಿದ ಮೇಲೆ ಅವಳು ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ಕೆಲಸಕ್ಕೆ ಸೇರಿದಳು. ಹಬೆ, ಫಿನಾಯಿಲ್ ವಾಸನೆ, ದಿನವಿಡೀ ಗುಡುಗುಡು ಎನ್ನುವ ಯಂತ್ರಗಳು. ಒಣಗಿದ ಹಾಸುಬಟ್ಟೆಗಳನ್ನು ಹೆಂಗಸರು ಇಬ್ಬಿಬ್ಬರಾಗಿ ಹಿಡಿದು ಮಡಿಸಬೇಕು. ಜೊತೆಯಿಲ್ಲದೆ ನಿಂತಿದ್ದ ಒಬ್ಬ ದಪ್ಪ ಹೆಂಗಸು ಇವಳ ಕೈಗೆ ಎರಡು ಮೂಲೆ ಕೊಟ್ಟು, "ಬಂದ್ಯಾ ದೊಡ್ಡಕ್ಕಾ? ಹಿಡ್ಕೋ" ಎಂದಳು.

ಅಲ್ಲಿದ್ದವರಲ್ಲೆಲ್ಲ ಇವಳೇ ಚಿಕ್ಕವಳು. ಹೊಸಬರನ್ನು ಗೋಳುಹೊಯ್ದುಕೊಳ್ಳುವ ತಮಾಷೆ ಇರಬೇಕೆಂದು ನಕ್ಕಳು. ಬೇರೆ ಯಾರೂ ನಗಲಿಲ್ಲ.

ಮರುದಿನವೂ ಅದೇ. ಅಂಚು ಮುಕ್ಕಾದ ಲೋಟದಲ್ಲಿ ಸಕ್ಕರೆಯಿಲ್ಲದ ಚಹಾ ತಂದು, "ನಿಂದೇ" ಎಂದು ಮುಂದಿಟ್ಟರು. "ಮಂಡಿನೋವು ಹೇಗಿದೆ ದೊಡ್ಡಕ್ಕಾ? ಮಗಳಿಗೆ ಹೆರಿಗೆ ಆಯ್ತಾ?" ಇವಳಿಗೆ ಮಗಳೇ ಇರಲಿಲ್ಲ. "ನಾನು ದೊಡ್ಡಕ್ಕ ಅಲ್ಲ" ಎಂದರೆ, ಹಟಮಾರಿ ಮಗುವನ್ನು ನೋಡುವಂತೆ ನೋಡಿ ಸುಮ್ಮನಾಗುತ್ತಿದ್ದರು.

ಕೆಲವೇ ವಾರಗಳಲ್ಲಿ, ಮೆಟ್ಟಿಲು ಹತ್ತುವಾಗ ಅವಳ ಎಡಮಂಡಿ ಚುಳ್ ಎನ್ನತೊಡಗಿತು. ಮನೆಯಲ್ಲಿ ಗಂಡ, "ಸಕ್ಕರೆ ಬಿಟ್ಟಿದ್ದು ಯಾವಾಗ? ಕಾಲು ಯಾಕೆ ಎಳೀತಿದೀಯ?" ಎಂದು ಕೇಳಿದ.

ಮೂಲೆಯಲ್ಲಿ ಇಸ್ತ್ರಿ ಮಾಡುವ ಮುದುಕಿಗೆ ಎಲ್ಲರೂ ಇಸ್ತ್ರಿಯಜ್ಜಿ ಎನ್ನುತ್ತಿದ್ದರು. ಇವಳು ಕುಂಟುತ್ತ ಬಂದದ್ದನ್ನು ಕಂಡು, ಇಸ್ತ್ರಿಪೆಟ್ಟಿಗೆ ಬದಿಗಿಟ್ಟು, ರಟ್ಟೆ ಹಿಡಿದು ಪಕ್ಕಕ್ಕೆ ಕರೆದಳು.

"ಕಾಲಿಗೂ ಬಂತಾ? ಇನ್ನು ಸುಮ್ನಿದ್ರೆ ಆಗಲ್ಲ ಮಗಾ. ದೊಡ್ಡಕ್ಕ ಕೆಲಸ ಮಾಡ್ತಾ ಮಾಡ್ತಾ ಇಲ್ಲೇ ಕುಸಿದುಬಿದ್ಲು. ಏಳಲೇ ಇಲ್ಲ. ಇವ್ರು ಯಾರೂ ಅದನ್ನ ಬಾಯಿಬಿಟ್ಟು ಹೇಳಿಲ್ಲ, ಅತ್ತಿಲ್ಲ. ಖಾಲಿ ಜಾಗ ನೋಡೋಕಾಗ್ದೆ ಅದ್ರಲ್ಲಿ ನಿನ್ನನ್ನ ತುಂಬ್ತಿದಾರೆ. ಕೆಟ್ಟೋರಲ್ಲ."

"ನಿಮಗೆ ಹೇಗೆ ಗೊತ್ತಜ್ಜಿ?"

"ನಾನು ಬಂದಾಗ್ಲೂ ಹೀಗೇ ಆಯ್ತು, ಸತ್ತೋಳೊಬ್ಬಳ ಜಾಗಕ್ಕೆ ನನ್ನನ್ನ ತುಂಬಿದ್ರು. ನನ್ನ ಪಕ್ಕ ನಿಲ್ಲೋರು ಯಾರೂ ಇರ್ಲಿಲ್ಲ. ಈಗ ಚಿಕ್ಕಂದಿನದು ನೆನೆಸ್ಕೊಂಡ್ರೆ ಎರಡು ಮನೆ ಕಾಣುತ್ತೆ, ಎರಡು ಹೆಸರು ನೆನಪಾಗುತ್ತೆ. ನಂದು ಯಾವುದೋ ಗೊತ್ತಾಗಲ್ಲ."

ಚಹಾ ಹೊತ್ತಿಗೆ ಅಜ್ಜಿ ಅವಳ ಕೈ ಬಿಡದೆ ಎಲ್ಲರ ನಡುವೆ ನಿಂತಳು. "ದೊಡ್ಡಕ್ಕ ಸತ್ತುಹೋದ್ಲು. ಇವಳು ಬೇರೆ. ಯಾರು ಅಂತ ಕೇಳ್ರೇ."

ಯಾರೂ ಕೇಳಲಿಲ್ಲ. ರೆಪ್ಪೆ ಮಿಟುಕಿಸದೆ ಎಲ್ಲರೂ ಇವಳನ್ನೇ ನೋಡಿದರು. ಅಜ್ಜಿ ಕೈ ಅದುಮಿ, "ನಿಂದೇ ಆದದ್ದು ಏನಾದ್ರೂ ಹೇಳು" ಎಂದಳು.

"ನಂಗೆ ಅವಳಿ ಗಂಡುಮಕ್ಕಳು. ಹೊಲಿಗೆ ಬರುತ್ತೆ. ಚಹಾಗೆ ಧಾರಾಳ ಸಕ್ಕರೆ ಬೇಕು. ಮತ್ತೆ... ಸಿಳ್ಳೆ ಹೊಡೀತೀನಿ."

ಹೊಡೆದೂ ಬಿಟ್ಟಳು. ದಪ್ಪ ಹೆಂಗಸು ಲೋಟ ಕೆಳಗಿಟ್ಟಳು. "ದೊಡ್ಡಕ್ಕಂಗೆ ಸಿಳ್ಳೆ ಬರ್ತಿರ್ಲಿಲ್ಲ" ಎಂದವಳೇ, ಕೈಲಿದ್ದ ಬಟ್ಟೆಯಲ್ಲಿ ಮುಖ ಹುದುಗಿಸಿ ಗೊಳೋ ಎಂದು ಅತ್ತಳು. ಒಬ್ಬೊಬ್ಬರಾಗಿ ಉಳಿದವರೂ ಅತ್ತರು. ಆಮೇಲೆ ಯಾರೋ ಮೂಗೊರೆಸಿಕೊಂಡು ಸಕ್ಕರೆ ಡಬ್ಬಿ ಇವಳತ್ತ ಸರಿಸಿದರು.

ಅಂದಿನಿಂದ ಅವಳು ಸಿಳ್ಳೆಯಮ್ಮ. ಮಂಡಿನೋವು ಹೇಗೆ ಬಂತೋ ಹಾಗೇ ಹೋಯಿತು.

ಒಂದು ಮಧ್ಯಾಹ್ನ ಅವಳು ಅಜ್ಜಿಯ ಹೆಸರು ಕೇಳಿದಳು. ಅಜ್ಜಿ ಬಹಳ ಹೊತ್ತು ಯೋಚಿಸಿ ಮೆಲ್ಲಗೆ ಒಂದು ಹೆಸರು ಹೇಳಿದಳು. ನೇತುಹಾಕಿದ್ದ ಒದ್ದೆ ಬಟ್ಟೆಗಳ ಹಿಂದಿನಿಂದ ಯಾರೋ "ಓ" ಎಂದು ಓಗೊಟ್ಟರು. ಸಿಳ್ಳೆಯಮ್ಮ ಬಟ್ಟೆ ಸರಿಸಿ ನೋಡಿದಳು. ನರಪಿಳ್ಳೆಯೂ ಇರಲಿಲ್ಲ.

"ಹಾಗಾದ್ರೆ ಅದು ಅವಳದು" ಎಂದಳು ಅಜ್ಜಿ. "ಇನ್ನೊಂದು ನಂದಿರ್ಬೇಕು."

ಆ ಇನ್ನೊಂದು ಹೆಸರನ್ನು ಕೇಳಿ ತಿಳಿದುಕೊಂಡ ಸಿಳ್ಳೆಯಮ್ಮ ಅದನ್ನು ದಿನಾ ಎಲ್ಲರೆದುರು ಗಟ್ಟಿಯಾಗಿ ಕೂಗತೊಡಗಿದಳು. ಮೊದಮೊದಲು ಅಜ್ಜಿ ತಿರುಗುತ್ತಲೇ ಇರಲಿಲ್ಲ. ಆಮೇಲಾಮೇಲೆ ತಿರುಗಿದಳು.