ಉಡುತಡಿ ಸಿಡಿಲಿನ ದಿಗ್ವಿಜಯ

ಉಡುತಡಿಯ ಸಣ್ಣಬೀರಪ್ಪನಿಗೆ ಐವತ್ತೆರಡು ವರ್ಷವಾಗಿದ್ದರೂ ಒಂದು ಹೋರಿಯನ್ನು ಸಾಕುವ ಭಾಗ್ಯ ಬಂದಿರಲಿಲ್ಲ. ಬೇರೆ ಸೀಮೆಯಲ್ಲಾದರೆ ಇದು ಕೊರತೆಯೇ ಅಲ್ಲ. ಆದರೆ ಶಿಕಾರಿಪುರ, ಸೊರಬದ ಕಡೆ ದೀಪಾವಳಿ ಮುಗಿಯುತ್ತಲೇ ಊರೂರಲ್ಲಿ ಹೋರಿ ಬೆದರಿಸುವ ಹಬ್ಬ. ಕೊರಳಿಗೆ ಕೊಬ್ಬರಿ ಸರ ಕಟ್ಟಿದ ಹೋರಿಯನ್ನು ಜನರ ನಡುವಿನಿಂದ ಓಡಿಸುತ್ತಾರೆ. ಹಿಡಿಯುವವರು ಮೈಮೇಲೆ ಬಿದ್ದು ಸರ ಹರಿಯಲು ನೋಡುತ್ತಾರೆ. ಯಾರ ಕೈಗೂ ಸಿಗದೆ ಪಾರಾದ ಹೋರಿಯ ಯಜಮಾನ ವರ್ಷವಿಡೀ ಮೀಸೆ ತಿರುವಿಕೊಂಡು ಓಡಾಡಬಹುದು. ಮೀಸೆ ಸಣ್ಣಬೀರಪ್ಪನಿಗೂ ಇತ್ತು, ತಿರುವಲು ಕಾರಣವಿರಲಿಲ್ಲ. ಅವನ ಮನೆಯಲ್ಲಿದ್ದದ್ದು ಕುರಿ. ಕುರಿಗೆ ಕೊಬ್ಬರಿ ಕಟ್ಟಿದರೆ ಹಿಡಿಯುವವರು ಬರುವ ಮೊದಲೇ ಪಕ್ಕದ ಕುರಿ ಅದನ್ನು ತಿಂದು ಮುಗಿಸುತ್ತದೆ.

ದೈವ ಅವನಿಗೆ ಹೋರಿಯ ಬದಲು ಮೋಟಾರು ಕೊಟ್ಟಿತು. ಮೂವತ್ತೊಂದನೆಯ ಇಸವಿಯಲ್ಲಿ ಊರ ಗೌಡರು ಕಾಫಿ ತೋಟದ ದೊರೆಯೊಬ್ಬನ ಹತ್ತಿರ ಏಳು ವರ್ಷ ಹಳೆಯದಾದ ಕಾರೊಂದನ್ನು ಕೊಂಡರು. ಅದು ಊರ ಹೊರಗೆ ಕುರಿಮಂದೆಯ ನಡುವೆ ನಿಂತುಬಿಟ್ಟಾಗ, ಕುರಿ ಕಾಯುತ್ತಿದ್ದ ಸಣ್ಣಬೀರಪ್ಪ ಹ್ಯಾಂಡಲ್ ತಿರುವಿ ಗುಡುಗಿಸಿದ. ಗೌಡರು ಅಲ್ಲೇ ಅವನನ್ನು ಡ್ರೈವರ್ ಮಾಡಿದರು. ಓಡಿಸುವುದನ್ನು ಕಲಿತದ್ದು ಆಮೇಲೆ. ಎರಡು ಬೇಲಿ, ಒಂದು ಹುಲ್ಲಿನ ಬಣವೆ ಆ ವಿದ್ಯೆಗೆ ಬಲಿಯಾದವು.

ಹೀಗೆ ಇಪ್ಪತ್ತೇಳು ವರ್ಷ ನಡೆಯಿತು. ಗೌಡರು ತೀರಿಕೊಂಡರು. ಕಾರು ಎತ್ತಿನ ಗಾಡಿ ನಿಲ್ಲಿಸುವ ಕೊಟ್ಟಿಗೆ ಸೇರಿತು. ಗೌಡರ ಹೆಂಡತಿ ನೀಲಾಂಬಿಕಮ್ಮ ಸುತ್ತಿ ಬಳಸಿ ಮಾತಾಡುವವರಲ್ಲ.

"ಗಾಣ ತಿರುಗಿ ತಿರುಗಿ ನನ್ನ ಎತ್ತು ಸೊರಗಿದಾವೆ ಸಣ್ಣಬೀರಾ. ಈ ಸಲದ ಆಲೆಮನೆಗೆ ಕಾರಿನ ಎಂಜಿನ್ ಬಿಚ್ಚಿ ಗಾಣಕ್ಕೆ ಕೂಡಿಸ್ತೀನಿ."

"ಅಮ್ಮಾರೇ, ಕಬ್ಬು ಅರೆಯೋಕೆ ಅದನ್ನ ಹಚ್ತೀರಾ? ಗೌಡ್ರು ಅದರಾಗೆ ಕೂತು ದಿವಾನರನ್ನ ನೋಡೋಕೆ ಹೋಗಿದ್ರು!"

"ಹೋಗಿದ್ರು. ಬರುವಾಗ ಎತ್ತಿನ ಗಾಡೀಲಿ ಬಂದ್ರು."

ಇದು ಚರಿತ್ರೆಯಾದ್ದರಿಂದ ಸಣ್ಣಬೀರಪ್ಪ ಕೊಟ್ಟಿಗೆಗೆ ಹೋಗಿ ಕಾರಿನ ಧೂಳು ಒರೆಸಿದ.

ಐವತ್ತೆಂಟರ ದೀಪಾವಳಿಯ ಹೊತ್ತಿಗೆ ಒಂದು ಸುದ್ದಿ ಬಂತು. ಬೆಂಗಳೂರಿನ ಹಳೇ ಮೋಟಾರುಗಳ ಸಂಘದವರು ತಮ್ಮ ವಾರ್ಷಿಕ ಕೂಟವನ್ನು ಈ ಸಲ ಶಿಕಾರಿಪುರದಲ್ಲಿ ನಡೆಸಿ, ಬಳ್ಳಿಗಾವಿಯ ಗುಡಿ ನೋಡಿಕೊಂಡು, ಸೊರಬದ ಮೇಲೆ ಚಂದ್ರಗುತ್ತಿಯ ಬೆಟ್ಟದವರೆಗೆ ಕಾರುಗಳ ಸವಾರಿ ಹೊರಡುತ್ತಾರಂತೆ. ಸ್ಥಳೀಯರ ಹಳೇ ಕಾರೂ ಸೇರಬಹುದು. ಹೊರಡುವಾಗ ಪಟ್ಟಿ ಮಾಡಿದ ಅಸಲು ಅಂಗಾಂಗ ಒಂದೂ ಕಳೆಯದೆ ಚಂದ್ರಗುತ್ತಿ ಮುಟ್ಟಿದ ಕಾರಿಗೆ ಸಂಘದ ಹಿತ್ತಾಳೆ ಫಲಕ.

ಸಣ್ಣಬೀರಪ್ಪ ನೀಲಾಂಬಿಕಮ್ಮನ ಕಾಲಿಗೆ ಬಿದ್ದ. ಆಕೆ ಹೇಳಿದರು: "ಆ ಫಲಕ ತಂದ್ರೆ ಎಂಜಿನ್ ಮುಟ್ಟಲ್ಲ. ನೀನು ಇರೋವರೆಗೂ ನೀನೇ ಡ್ರೈವರು. ತರದಿದ್ರೆ ನೀನೇ ನಿನ್ನ ಕೈಯಾರೆ ಬಿಚ್ಚಿಕೊಡಬೇಕು."

ಒಬ್ಬ ಬುದ್ಧಿವಂತನಾದರೆ ಕಾರನ್ನು ಒರೆಸಿ, ನೀರು ಎಣ್ಣೆ ನೋಡಿ, ತೆಪ್ಪಗೆ ಹೊರಡುತ್ತಿದ್ದ. ಆದರೆ ಸವಾರಿ ಬಿದ್ದದ್ದು ಹಬ್ಬದ ದಿನಗಳಲ್ಲಿ. ಸಣ್ಣಬೀರಪ್ಪ ಬಾನೆಟ್ಟಿಗೆ ಹೋರಿಯ ಬೆನ್ನಿಗೆ ಹಾಕುವಂಥ ಕೆಂಪು ಝೂಲು ಹೊದಿಸಿದ. ಚಕ್ರಕ್ಕೆ ಗೆಜ್ಜೆ ಕಟ್ಟಿದ. ಅರವತ್ತು ಕೊಬ್ಬರಿ ಬಟ್ಟಲಿನ ಸರ ಪೋಣಿಸಿ, ಒಂದು ತುದಿಯನ್ನು ಹಿತ್ತಾಳೆ ಹಾರ್ನಿಗೂ ಇನ್ನೊಂದನ್ನು ಎಡಗಡೆಯ ದೀಪಕ್ಕೂ ಬಿಗಿದ. ಹೋರಿಗಳಿಗೆ ಹೆಸರಿಡುವಂತೆ ಅದಕ್ಕೂ ಒಂದು ಹೆಸರಿಟ್ಟು, ಸುಣ್ಣದಲ್ಲಿ ಹಲಗೆಯ ಮೇಲೆ ಬರೆಸಿದ: ಉಡುತಡಿ ಸಿಡಿಲು.

ಹೆಂಡತಿ ಗುಡ್ಡಮ್ಮ ಇದನ್ನೆಲ್ಲ ನೋಡುತ್ತ ನಿಂತಿದ್ದಳು. "ಸರ ಕಟ್ಟಿದ ಮ್ಯಾಲೆ ಹರಿಯೋರು ಬರ್ತಾರೆ, ನೋಡ್ಕಳ್ರಿ."

"ಮೋಟಾರಿಗೆ ಯಾವನೇ ಬರ್ತಾನೆ, ಹುಚ್ಚಿ!"

ಶಿಕಾರಿಪುರದ ಬಂಗಲೆಯ ಮುಂದೆ ಹನ್ನೊಂದು ಕಾರು ನಿಂತಿದ್ದವು, ಎಲ್ಲವೂ ಕನ್ನಡಿಯಂತೆ ಹೊಳೆಯುತ್ತ. ಹ್ಯಾಟಿನ ಗಂಡಸರು ಒಬ್ಬರ ಕಾರನ್ನು ಒಬ್ಬರು ಹೊಗಳುತ್ತ ಮನಸ್ಸಿನಲ್ಲೇ ಬಯ್ಯುತ್ತಿದ್ದರು. ಹೆಂಗಸರು ಕಪ್ಪು ಕನ್ನಡಕದಲ್ಲಿ ಇಡ್ಲಿ ತಿನ್ನುತ್ತಿದ್ದರು. ಆ ಮಹಾಸೇನೆಯ ನಡುವೆ ಹನ್ನೆರಡನೆಯದಾಗಿ ಸಿಡಿಲು ಗೆಜ್ಜೆ ಕುಣಿಸುತ್ತ, ಹೊಗೆ ಕಾರುತ್ತ ಪ್ರವೇಶಿಸಿತು.

ಸಂಘದ ಕಾರ್ಯದರ್ಶಿ ರಾಮಪ್ಪನವರು ನಿವೃತ್ತ ಎಂಜಿನಿಯರು. ಕೈಯಲ್ಲಿ ಪಟ್ಟಿ ಹಿಡಿದು ಬಂದರು.

"ಏನ್ರೀ ಇದು, ಮದುವೆಗೆ ಹೊರಟಿದೀರಾ?"

"ಅಲ್ರೀ ಸಾಹೇಬ್ರೆ, ಅಖಾಡಕ್ಕೆ."

ರಾಮಪ್ಪನವರಿಗೆ ಅರ್ಥವಾಗಲಿಲ್ಲ. ಝೂಲು ಎತ್ತಿ ನೋಡಿದರು. ದೀಪ ಎರಡು, ಹಾರ್ನ್ ಒಂದು, ರೇಡಿಯೇಟರಿನ ಮುಚ್ಚಳ, ಮೂಲದ ಚಕ್ರ ನಾಲ್ಕು. ಅವರ ಕಣ್ಣು ಅರಳಿತು. "ನಮ್ಮ ಯಾರ ಕಾರಿನಲ್ಲೂ ಇಷ್ಟು ಅಸಲು ಸಾಮಾನಿಲ್ಲ. ಚಂದ್ರಗುತ್ತಿಯಲ್ಲಿ ಇದೇ ಪಟ್ಟಿ ಹಿಡಿದು ನೋಡ್ತೀನಿ. ಜೋಪಾನ."

ಬಳ್ಳಿಗಾವಿಯಲ್ಲಿ ಗುಡಿಯ ಮುಂದೆ ಫೋಟೋ ಆಯಿತು. ಶಿರಾಳಕೊಪ್ಪದಲ್ಲಿ ಚಹಾ ಆಯಿತು. ಸಿಡಿಲು ಮಾತ್ರ ಕಂಡ ಕೆರೆಯಲ್ಲೆಲ್ಲ ನೀರು ಕುಡಿಯುತ್ತ ಒಂದು ಫರ್ಲಾಂಗು ಹಿಂದೆ ಬರುತ್ತಿತ್ತು.

ಸೊರಬದ ದಾರಿಯಲ್ಲೊಂದು ಊರು. ಅಂದು ಅಲ್ಲಿ ಹೋರಿ ಹಬ್ಬ, ರಸ್ತೆಯೇ ಅಖಾಡ. ಕಾರುಗಳು ಬಂದದ್ದು ಕಂಡು ಜನ ಹೋರಿಗಳನ್ನು ತಡೆದು, ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಹನ್ನೊಂದು ಕಾರು ದೊಡ್ಡ ಮನುಷ್ಯರಂತೆ ಕೈಯಾಡಿಸಿಕೊಂಡು ದಾಟಿದವು. ಆಮೇಲೆ ಗೆಜ್ಜೆಯ ಸದ್ದು ಕೇಳಿತು. ಝೂಲು ಕಂಡಿತು. ಕೊಬ್ಬರಿ ಸರ ಕಂಡಿತು.

"ಹೋರಿ ಬಂತಲೇ!" ಎಂದು ಯಾರೋ ಕೂಗಿದರು.

ಹುಲಿಯಪ್ಪನೆಂಬ ಆ ಊರಿನ ಗಟ್ಟಿಗ ಚಲ್ಲಣ ಬಿಗಿದು ನುಗ್ಗಿದ. ಸಣ್ಣಬೀರಪ್ಪ ಬ್ರೇಕು ತುಳಿದು, "ಏ ತಮ್ಮಾ, ಇದು ಮೋಟಾರು" ಅಂದಿದ್ದರೆ ಮುಗಿಯುತ್ತಿತ್ತು. ಆದರೆ ನಿಂತ ಹೋರಿ ಸೋತ ಹೋರಿ. ಅವನ ಬಲಗಾಲು ಒಡೆಯನನ್ನು ಕೇಳದೆ ವೇಗ ಕೊಟ್ಟಿತು. ಉಡುತಡಿ ಸಿಡಿಲು ಗಂಟೆಗೆ ಹದಿನೆಂಟು ಮೈಲಿಯ ಘೋರ ವೇಗದಲ್ಲಿ ಶತ್ರುಸೇನೆಯ ಮೇಲೆ ಏರಿಹೋಯಿತು. ಹುಲಿಯಪ್ಪ ಹಾರಿ ಬಾನೆಟ್ಟನ್ನು ತಬ್ಬಿದ. ಬಿಸಿಗೆ ಎದೆ ಸುಟ್ಟು ಕೈ ಬಿಟ್ಟ. ಬೀಳುವಾಗ ಸರ ಹಿಡಿದ. ಸರದ ಜೊತೆ ಹಾರ್ನೂ ದೀಪವೂ ಕಿತ್ತು ಬಂದವು. ಸಿಡಿಲು ಇನ್ನೂ ಐವತ್ತು ಮಾರು ಓಡಿ, ಬುಸ್ ಎಂದು ಆವಿ ಬಿಟ್ಟು ನಿಂತಿತು.

ಗದ್ದಲ ಕೇಳಿ ರಾಮಪ್ಪನವರು ಕಾರು ತಿರುಗಿಸಿಕೊಂಡು ಬಂದರು. "ಆಗಿದ್ದಾಯ್ತು. ಆ ಎರಡು ಸಾಮಾನು ಇಸ್ಕೊಂಡು ಬನ್ನಿ. ಕಾರಿಗೆ ಕಟ್ಕೊಂಡು ಬಂದ್ರೂ ಸಾಕು, ಫಲಕ ಕೊಡ್ತೀನಿ."

ಹುಲಿಯಪ್ಪನೂ ಕೆಟ್ಟವನಲ್ಲ. "ನಂಗಿದು ಏನಕ್ಕೆ ಬೇಕಜ್ಜಾ? ಕೊಬ್ಬರಿ ಸಾಕು. ಆದ್ರೆ ನಮ್ಮೂರ ರೂಢಿ ಐತೆ. ಕಿತ್ತಿದ್ದು ವಾಪಸ್ ಬೇಕಂದ್ರೆ 'ನನ್ನ ಹೋರಿ ನಿಮ್ಮ ಕೈಗೆ ಸಿಕ್ತು' ಅಂತ ಎಲ್ಲರ ಮುಂದೆ ಒಂದು ಮಾತು ಅನ್ನು. ತಗಂಡು ಹೋಗು."

"ಅಂದುಬಿಡ್ರೀ ಮಾರಾಯ್ರೇ," ಎಂದರು ರಾಮಪ್ಪನವರು, "ಬರೀ ಒಂದು ಮಾತು!"

ಸಣ್ಣಬೀರಪ್ಪ ಆ ಹಾರ್ನನ್ನು ನೋಡಿದ. ಗಾಣ ನೆನಪಾಯಿತು. ಬಾಯಿ ತೆರೆದ. ಅಷ್ಟರಲ್ಲಿ ಜನರ ನಡುವಿನಿಂದ ಚೌಡಪ್ಪನೆಂಬವನು ಮುಂದೆ ಬಂದ. ಏಳು ವರ್ಷ ಹೋರಿ ಗೆಲ್ಲಿಸಿದ್ದ ಮುದುಕ, ರುಮಾಲು ಸರಿಮಾಡಿಕೊಂಡು, ಸರೀಕನನ್ನು ಮಾತಾಡಿಸುವ ಮರ್ಯಾದೆಯಲ್ಲಿ ಕೇಳಿದ: "ಯಜಮಾನ್ರೇ, ಯಾವೂರ ಹೋರಿರೀ ಇದು?"

ಯಜಮಾನ್ರೇ! ಐವತ್ತೆರಡು ವರ್ಷದಲ್ಲಿ ಆ ಮಾತನ್ನು ಅವನಿಗೆ ಯಾರೂ ಅಂದಿರಲಿಲ್ಲ. ಕೈ ತಾನಾಗಿ ಮೀಸೆಗೆ ಹೋಯಿತು.

"ಉಡುತಡಿದುರೀ. ಸಿಕ್ಕಿಲ್ಲ ಇದು. ಸಿಕ್ಕಿದ್ರೆ ಅಲ್ಲೇ ನಿಲ್ತಿತ್ತು. ಐವತ್ತು ಮಾರು ಮುಂದೆ ಹೋಗಿ ನಿಂತೈತಿ, ಬೇಕಾದ್ರೆ ಅಳೀರಿ."

ಜನ ಹೋ ಎಂದು ಶಿಳ್ಳೆ ಹೊಡೆದರು. ಯಾರೋ ನಿಜವಾಗಿಯೂ ಅಳೆದರು, ಐವತ್ತಮೂರು ಬಂತು. ಹುಲಿಯಪ್ಪ ರೂಢಿಯಂತೆ ಹಾರ್ನನ್ನೂ ದೀಪವನ್ನೂ ಹೆಗಲಿಗೆ ಹಾಕಿಕೊಂಡು ಹೊರಟುಹೋದ. ರಾಮಪ್ಪನವರು ಪಟ್ಟಿಯಲ್ಲಿ ಎರಡು ಗೆರೆ ಎಳೆದು, ಹುಚ್ಚರ ಸೀಮೆ ಎಂಬಂತೆ ಸುತ್ತ ನೋಡಿ ಕಾರು ಹತ್ತಿದರು.

ಚಂದ್ರಗುತ್ತಿಯಲ್ಲಿ ಹನ್ನೊಂದರಲ್ಲಿ ಹತ್ತು ಕಾರಿಗೆ ಫಲಕ ಸಿಕ್ಕಿತು. ಸಿಡಿಲು ಅಲ್ಲಿಗೆ ಮುಟ್ಟುವ ಹೊತ್ತಿಗೆ ಅವರೆಲ್ಲ ಬೆಟ್ಟದ ಮೇಲಿನ ನೋಟ ನೋಡಿ, ಚಿತ್ರಾನ್ನ ತಿಂದು, ಎಲೆ ಬಿಸಾಡಿ ಹೋಗಿದ್ದರು.

ನೀಲಾಂಬಿಕಮ್ಮ ಕಥೆಯನ್ನು ಕೊನೆಯವರೆಗೆ ಕೇಳಿದರು. "ಒಂದು ಮಾತು ಅನ್ನೋಕೆ ಆಗಲಿಲ್ಲೇನೋ ನಿಂಗೆ?"

"ಸಿಕ್ಕಿರಲಿಲ್ರೀ ಅಮ್ಮಾರೇ."

"ಹಂಗಾದ್ರೆ ನಟ್ಟು ಬಿಚ್ಚೋಕೆ ಪಾನಾ ತಗೊಂಡು ಬಾ."

ಎಂಜಿನ್ ಬಿಚ್ಚಲು ನಾಲ್ಕು ದಿನ ಹಿಡಿಯಿತು. ಮೊದಲ ದಿನ ಒಂದಿಬ್ಬರು ಬಂದು, ಐವತ್ತಮೂರು ಮಾರಿನ ಕಥೆ ಹೇಳಿಸಿಕೊಂಡು ನಕ್ಕು ಹೋದರು. ಎರಡನೆಯ ದಿನದಿಂದ ಯಾರೂ ಬರಲಿಲ್ಲ. ಸೊರಬದ ಕಡೆ ಹಾಡು ಹುಟ್ಟಿತಂತೆ ಎಂಬ ಸುದ್ದಿ ಮಾತ್ರ ಬಂತು. ಮೋಟಾರು ಹಿಡಿದ ಹುಲಿಯಪ್ಪನ ಮೇಲೆ. ಉಡುತಡಿಯ ಹೆಸರು ಅದರಲ್ಲಿ ಇರಲಿಲ್ಲ.

ಆಲೆಮನೆ ಶುರುವಾದ ದಿನ ನೀಲಾಂಬಿಕಮ್ಮ ಹೊಸ ಗಾಣದ ಮೊದಲ ಹಾಲು ಎಂದು ಒಂದು ತಂಬಿಗೆ ಕಬ್ಬಿನ ರಸ ಕಳಿಸಿದರು. ಗುಡ್ಡಮ್ಮ ಲೋಟಕ್ಕೆ ಬಗ್ಗಿಸಿ ಮುಂದಿಟ್ಟಳು.

"ಕುಡೀರಿ. ಕುರಿ ಹೊಡಕೊಂಡು ಹೋಗೋ ಹೊತ್ತಾತು."

ಸಣ್ಣಬೀರಪ್ಪ ಲೋಟವನ್ನು ಮೂಗಿನ ಹತ್ತಿರ ಹಿಡಿದು ಬಹಳ ಹೊತ್ತು ಮೂಸಿದ. ಪೆಟ್ರೋಲಿನ ವಾಸನೆ ಒಂದಿಷ್ಟಾದರೂ ಬಂದಿದ್ದರೆ ಬಯ್ಯಬಹುದಿತ್ತು, ಚೆಲ್ಲಬಹುದಿತ್ತು. ಬರಲಿಲ್ಲ. ರಸ ತುಂಬ ಚೆನ್ನಾಗಿತ್ತು.