ದೇವರ ಗಂಟೆ, ಹದಿನೆಂಟು ಮಂಚ

“ಆ ಗೋದಾಮಿಗೆ ಪ್ರಮಾಣಪತ್ರ ಸಿಗೋದು ಹೋತ ಹಾಲು ಕೊಟ್ಟ ದಿನ” ಎಂದವರು ನಮ್ಮ ಮೌಲ್ಯಮಾಪನ ಸಮಿತಿಯ ಅಧ್ಯಕ್ಷರಾಗಿದ್ದ ಡಾ. ರುದ್ರಪ್ಪನವರು. ಚಿತ್ರದುರ್ಗದ ಕಚೇರಿಯಲ್ಲಿ, ನಾಲ್ಕು ಜನರ ಮುಂದೆ, ಕಾಫಿ ಲೋಟ ಕೈಯಲ್ಲಿ ಹಿಡಿದು ಹೇಳಿದ ಮಾತು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆಗ ನನ್ನ ನಿವೃತ್ತಿಗೆ ಇನ್ನೂ ಮೂರು ವರ್ಷ ಇತ್ತು. ನರ್ಸಿಂಗ್ ಸೂಪರಿಂಟೆಂಡೆಂಟ್ ಆಗಿದ್ದ ನನ್ನನ್ನು ಆ ವರ್ಷ ಜಿಲ್ಲೆಯ ವಸತಿ ಆರೈಕೆ ಕೇಂದ್ರಗಳ ಗುಣಮಟ್ಟ ನೋಡುವ ಸಮಿತಿಗೂ ಹಾಕಿದ್ದರು.

ನಮ್ಮ ಕಡೆ ನರ್ಸಿಂಗ್ ಹೋಂ ಎಂದರೆ ಜನ ಹೆರಿಗೆ ಆಸ್ಪತ್ರೆ ಅಂದುಕೊಳ್ಳುತ್ತಾರೆ. ಇದು ಅದಲ್ಲ. ಸೊಂಟ ಮುರಿದವರು, ಲಕ್ವ ಹೊಡೆದವರು, ಬುದ್ಧಿ ಚುರುಕಾಗಿದ್ದರೂ ಕಾಲಲ್ಲಿ ಬಲವಿಲ್ಲದವರು ಅಲ್ಲೇ ಉಳಿದು, ದಿನವೂ ನರ್ಸ್ ಆರೈಕೆ ಪಡೆಯುವ ಮನೆ. ಹೊಸದುರ್ಗದಿಂದ ಹೊಳಲ್ಕೆರೆ ಕಡೆ ಹೋಗುವ ರಸ್ತೆಯಲ್ಲಿ, ತೆಂಗಿನ ತೋಟಗಳ ಮಧ್ಯೆ, ಹಿಂದೆ ಕೊಬ್ಬರಿ ತುಂಬುತ್ತಿದ್ದ ಗೋದಾಮಿಗೆ ಸುಣ್ಣ ಬಳಿದು, ಗೋಡೆ ಒಡೆದು ಕಿಟಕಿ ಇಟ್ಟು ಅದನ್ನು ಮಾಡಿದ್ದರು. ಬಿಸಿಲೇರಿದರೆ ಗೋಡೆ ಈಗಲೂ ಕೊಬ್ಬರಿ ವಾಸನೆ ಬಿಡುತ್ತಿತ್ತು. ಹದಿನೆಂಟು ಮಂಚ, ಮೂವರು ಆಯಾಗಳು, ಒಬ್ಬ ಅಡುಗೆಯವಳು. ನಡೆಸುತ್ತಿದ್ದವರು ಸ್ಟಾಫ್ ನರ್ಸ್ ಆಗಿ ನಿವೃತ್ತರಾದ ರತ್ನಮ್ಮ. ಹಿಂದಿನ ವರ್ಷದ ಮೌಲ್ಯಮಾಪನದಲ್ಲಿ ಅದು ಫೇಲಾಗಿತ್ತು. ಈ ಸಲವೂ ಆದರೆ ಅನುಮತಿ ಮುಂದುವರಿಸುವಂತಿಲ್ಲ, ಅಲ್ಲಿರುವ ಹದಿನೆಂಟು ಜನರನ್ನು ಜಿಲ್ಲೆಯ ಹೊರಗಿನ ಕೇಂದ್ರಕ್ಕೆ ಕಳಿಸಬೇಕು ಎಂಬುದು ನಮಗೆ ಬಂದಿದ್ದ ಸೂಚನೆ.

ನನ್ನ ಬಗ್ಗೆ ಎರಡು ಮಾತು ಹೇಳಿಬಿಡುತ್ತೇನೆ. ನಾನು ಹಿರಿಯೂರು ತಾಲ್ಲೂಕು ಧರ್ಮಪುರ ಹೋಬಳಿಯವಳು. ಅಪ್ಪ ಅಮ್ಮ ಇಬ್ಬರೂ ಬೇರೆಯವರ ಹೊಲದಲ್ಲಿ ಶೇಂಗಾ ಕೀಳಲು ಹೋಗುತ್ತಿದ್ದರು. ನಮ್ಮ ವಂಶದಲ್ಲಿ ಡಿಗ್ರಿ ಅಂತ ಮಾಡಿದವರಲ್ಲಿ ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಯಾರೂ ಅದನ್ನು ತಟ್ಟೆಯಲ್ಲಿಟ್ಟು ಕೊಡಲಿಲ್ಲ. ಅದಕ್ಕೇ ಇರಬೇಕು, ಕಾಗದದ ಮೇಲೆ ಅಚ್ಚಾದದ್ದೆಲ್ಲ ಸತ್ಯ ಎಂಬ ನಂಬಿಕೆ ನನ್ನಲ್ಲಿ ಸ್ವಲ್ಪ ಜಾಸ್ತಿಯೇ ಇತ್ತು.

ಮೌಲ್ಯಮಾಪನ ಎರಡು ದಿನದ್ದು. ಮೊದಲ ದಿನ ಚೆಕ್‌ಲಿಸ್ಟ್ ಹಿಡಿದು ಕೂತೆ. ಅದರಲ್ಲಿ ಒಂದು ಮುಖ್ಯ ಅಂಶ ಕರೆಗಂಟೆ. ಅಂದರೆ ಪ್ರತಿ ಮಂಚದ ಪಕ್ಕ ಒಂದು ಗಂಟೆ ಇರಬೇಕು, ಒತ್ತಿದರೆ ಅಥವಾ ಬಾರಿಸಿದರೆ ಮೂರು ನಿಮಿಷದೊಳಗೆ ಯಾರಾದರೂ ಬರಬೇಕು. ಹಿಂದಿನ ವರ್ಷ ಇವರಲ್ಲಿ ಗಂಟೆಯೇ ಇರಲಿಲ್ಲ. ಈ ಸಲ ಹದಿನೆಂಟು ಮಂಚದ ಪಕ್ಕದಲ್ಲೂ ಹೊಸ ಹಿತ್ತಾಳೆ ಕೈಗಂಟೆ ಫಳಫಳ ಹೊಳೆಯುತ್ತಿತ್ತು.

“ಕರೆಂಟಿನ ಗುಂಡಿ ಹಾಕಿಸಿದ್ರೆ ಕರೆಂಟು ಹೋದಾಗ ಏನು ಮಾಡೋದು ಮೇಡಂ? ಪೇಟೆಗೆ ಹೋಗಿ ಪಾತ್ರೆ ಅಂಗಡೀಲಿ ನಾನೇ ಬಾರಿಸಿ ನೋಡಿ ತಂದೆ” ಎಂದರು ರತ್ನಮ್ಮ.

ಬುದ್ಧಿವಂತ ಹೆಂಗಸು ಎಂದುಕೊಂಡೆ. ಕರೆಗಳ ರಿಜಿಸ್ಟರ್ ತೆಗೆಸಿದೆ. ದಿನಕ್ಕೆ ಹದಿನೆಂಟು ಕರೆ, ಒಂದು ದಿನವೂ ತಪ್ಪಿಲ್ಲ. ಪ್ರತಿ ಕರೆಗೂ ಆಯಾ ಅರ್ಧ ನಿಮಿಷದಲ್ಲಿ ಹಾಜರ್. ನಾನು ಹತ್ತಕ್ಕೆ ಹತ್ತು ಹಾಕಿದೆ. ಚಿತ್ರದುರ್ಗದ ದೊಡ್ಡ ಆಸ್ಪತ್ರೆಗಳಲ್ಲೂ ಆ ಲೆಕ್ಕ ಕಂಡಿರಲಿಲ್ಲ.

ಇನ್ನೊಂದು ರಿಜಿಸ್ಟರ್ ಬಿದ್ದವರದ್ದು. ಇಂಥ ಕಡೆ ವಯಸ್ಸಾದವರು ಬಿದ್ದರೆ ತಾರೀಖು, ಹೊತ್ತು, ಜಾಗ ಎಲ್ಲ ಬರೆಯಬೇಕು. ಒಮ್ಮೆ ಬಿದ್ದು ಮುರಿದ ಮೂಳೆಯಿಂದ ಎಷ್ಟೋ ಜನ ಮತ್ತೆ ಏಳುವುದೇ ಇಲ್ಲ. ಇಲ್ಲಿ ನಾಲ್ಕು ತಿಂಗಳಲ್ಲಿ ಒಂಬತ್ತು ಸಲ ಬಿದ್ದಿದ್ದರು, ಒಂಬತ್ತೂ ಮಂಚಕ್ಕೂ ಬಚ್ಚಲಿಗೂ ನಡುವೆ. ಅದರಲ್ಲಿ ಎರಡು ಸಲ ಬಿದ್ದವರು ಸಣ್ಣಪ್ಪ. ಬದುಕೆಲ್ಲ ಕುರಿ ಕಾಯ್ದವರು, ಮದುವೆಯಾದವರಲ್ಲ, ಸೊಂಟದ ಮೂಳೆ ಮುರಿದು ರಾಡು ಹಾಕಿಸಿಕೊಂಡಿದ್ದರು. ಅವತ್ತು ಅವರ ತಂಗಿ ಹನುಮಕ್ಕ ನೋಡಲು ಬಂದಿದ್ದರು. ನನ್ನ ಕೈಯಲ್ಲಿ ಪೆನ್ನು ಕಂಡದ್ದೇ ಶುರು ಮಾಡಿದರು.

“ನೀವೇನು ಬರ್ಕಂತೀರೋ ಬರ್ಕಳ್ರಿ ಮೇಡಂ. ಇನ್ನೊಂದು ಸಲ ನಮ್ಮಣ್ಣ ಬಿದ್ದ ಅಂದ್ರೆ ಅವತ್ತೇ ಆಟೋ ತಂದು ಕರ್ಕಂಡು ಹೋಗೋಳೇ ನಾನು.”

“ಕರ್ಕಂಡು ಹೋಗಿ? ನನ್ನ ಎತ್ತೋರು ಯಾರೇ? ನಿನ್ನ ಎತ್ತಾಕೇ ಇಬ್ಬರು ಬೇಕು” ಎಂದರು ಸಣ್ಣಪ್ಪ ಮಲಗಿದಲ್ಲಿಂದಲೇ.

ಅಣ್ಣ ಹೇಳಿದ್ದು ತಮಾಷೆಗೇ ಆದರೂ ನಿಜ. ಹನುಮಕ್ಕನಿಗೂ ಎಪ್ಪತ್ತರ ಹತ್ತಿರ. ಆ ಮನೆಗೆ ಹೋದರೆ ಸಣ್ಣಪ್ಪ ಮಂಚ ಬಿಟ್ಟು ಏಳುವಂತಿಲ್ಲ. ಹೊರ ಜಿಲ್ಲೆಗೆ ಕಳಿಸಿದರೆ ತಂಗಿಯ ಮುಖ ಕಾಣುವಂತಿಲ್ಲ. ಗಂಟೆ ಇಷ್ಟು ಚೆನ್ನಾಗಿದ್ದೂ ಯಾಕಿಷ್ಟು ಬೀಳುತ್ತಾರೆ ಎಂಬ ಪ್ರಶ್ನೆ ತಲೆಗೆ ಬಂತು. ನೆಲ ಜಾರುತ್ತಿರಬಹುದು ಎಂದು ಬರೆದುಕೊಂಡು ಹೊಸದುರ್ಗದ ಲಾಡ್ಜಿಗೆ ಹೋದೆ.

ಎರಡನೇ ದಿನ ಬೆಳಿಗ್ಗೆ ಆಯಾಗಳ ಪಾಳಿ ಬದಲಾಗುವುದನ್ನು ನೋಡಬೇಕಿತ್ತು. ಆರಕ್ಕೆ ಮೊದಲೇ ಗೇಟಿನ ಹತ್ತಿರ ಆಟೋ ಇಳಿದೆ. ಒಳಗೆ ಕಾಲಿಡುವಷ್ಟರಲ್ಲಿ ಶುರುವಾಯಿತು. ಮೊದಲು ಒಂದು, ಆಮೇಲೆ ಮೂರು, ಆಮೇಲೆ ಎಲ್ಲವೂ. ಹದಿನೆಂಟು ಹಿತ್ತಾಳೆ ಗಂಟೆ ಒಟ್ಟಿಗೆ! ತೆಂಗಿನ ಮರದ ಕಾಗೆಗಳೆಲ್ಲ ಹಾರಿಹೋದವು. ಯಾರಿಗೋ ಏನೋ ಆಯಿತೆಂದು ನಾನು ಓಡಿದೆ.

ಒಳಗೆ ನೋಡಿದರೆ ಮಂಗಳಾರತಿ ನಡೆಯುತ್ತಿತ್ತು. ಪ್ರತಿ ಮಂಚದ ತಲೆದೆಸೆಯ ಗೋಡೆಗೆ ಒಂದು ದೇವರ ಪಟ, ಪ್ರತಿಯೊಬ್ಬರ ಕೈಯಲ್ಲೂ ಗಂಟೆ, ಗಂಟೆಗೆ ಅರಿಶಿನ ಕುಂಕುಮ. ಆಯಾ ಶಾರದಾ ಕರ್ಪೂರದ ತಟ್ಟೆ ಹಿಡಿದು ಮಂಚದಿಂದ ಮಂಚಕ್ಕೆ ಹೋಗುತ್ತಿದ್ದಳು. ಅವಳ ಕಂಕುಳಲ್ಲಿ ಅದೇ ಕರೆಗಳ ರಿಜಿಸ್ಟರ್. ಕರೆ ಬಂದ ಹೊತ್ತು ಬರೆಯುವ ಕಾಲಂ ಅದರಲ್ಲಿ ಇರಲೇ ಇಲ್ಲ.

“ಗಂಟೆ ಬಾರಿಸಿದ್ರೆ ಬರೀಬೇಕು ಅಂದಿದ್ರಲ್ಲ ಮೇಡಂ, ಅದಕ್ಕೇ ಒಂದೂ ಬಿಡದೆ ಬರೀತೀನಿ” ಎಂದಳು, ಪಾಪ, ಹೆಮ್ಮೆಯಿಂದ.

ಮೊದಲ ಮಂಚದಲ್ಲಿದ್ದವರು ಲಕ್ವ ಹೊಡೆದಿದ್ದ ಗೌರಮ್ಮ. ಅವರ ಪಕ್ಕ ಕೂತು ಕೇಳಿದೆ: “ಅಜ್ಜಿ, ಬಚ್ಚಲಿಗೆ ಹೋಗಬೇಕಾದಾಗ ಇದನ್ನ ಬಾರಿಸಲ್ವಾ?”

ಅವರು ಗಂಟೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡರು. “ಬಿಡ್ತು ಅನ್ನಮ್ಮ! ಓದಿದೋಳು ಹಿಂಗಂತೀಯಾ? ಕಕ್ಕಸಿಗೆ ಹೋಗಾಕೆ ಯಾರಾದ್ರೂ ದೇವರ ಗಂಟೆ ಹೊಡೀತಾರಾ?”

ಹದಿನೆಂಟು ಜನರಲ್ಲಿ ಒಬ್ಬರೂ, ಒಂದು ದಿನವೂ, ಸಹಾಯಕ್ಕೆಂದು ಆ ಗಂಟೆ ಮುಟ್ಟಿರಲಿಲ್ಲ. ಮುಂಜಾನೆ ಮಂಗಳಾರತಿಗೆ ಬಾರಿಸುವುದು; ಹಗಲೆಲ್ಲ ತಾವೇ ಎದ್ದು, ಗೋಡೆ ಹಿಡಿದು ಹೋಗುವುದು; ಬೀಳುವುದು. ನಾನು ನಕ್ಕೆನೋ ಅತ್ತೆನೋ ಈಗ ನೆನಪಿಲ್ಲ. ಹಿಂದಿನ ದಿನದ ಹತ್ತನ್ನು ಹೊಡೆದುಹಾಕಿ ಸೊನ್ನೆ ಬರೆದು ಸಹಿ ಮಾಡಿದ್ದು ನೆನಪಿದೆ.

“ನಿನ್ನೆ ಪೂರ್ತಿ ಕೊಟ್ಟಿದ್ರಿ” ಎಂದರು ರತ್ನಮ್ಮ. ಮುಖ ಬಾಡಿತ್ತು.

“ನಿನ್ನೆ ನಾನು ರಿಜಿಸ್ಟರ್ ನೋಡಿದ್ದೆ. ಇವತ್ತು ಜನರನ್ನ ನೋಡಿದೆ.”

“ಹಂಗಾದ್ರೆ ಗುಂಡಿನೇ ಹಾಕಿಸಿಬಿಡ್ತೀನಿ, ಕರೆಂಟು ಹೋದ್ರೆ ಹೋಗ್ಲಿ” ಎಂದರು. ಅದಕ್ಕೆ ಸಣ್ಣಪ್ಪ ಮೂಲೆಯಿಂದ ದನಿ ಎತ್ತಿದರು: “ಗುಂಡಿ ಒತ್ತಿ ಕರಿಯಾಕೆ ನಾನೇನು ಸಾಹುಕಾರ್ನಾ ತಾಯಿ? ಉಚ್ಚೆಗೆ ಹೋಗಾಕೆ ಇನ್ನೊಬ್ಬರ ಮಗಳನ್ನ ಎಬ್ಬಿಸ್ಬೇಕಾ? ಬಿದ್ರೂ ಚಿಂತಿಲ್ಲ, ನಾ ಒತ್ತಲ್ಲ.”

“ಮತ್ತೆ ನಿಮಗೆ ಬೇಕು ಅಂತ ಆಯಾಗಳಿಗೆ ಹೆಂಗೆ ಗೊತ್ತಾಗಬೇಕು?” ಎಂದು ಕೇಳಿದೆ.

“ಕುರಿ ಕರೀತೈತೇನು? ಅದು ಕೂಗೋ ಹೊತ್ತಿಗೆ ತೋಳ ಬಂದಿರ್ತೈತೆ. ಕಾಯೋನು ತಾನೇ ಸುತ್ತು ಹಾಕ್ತಿರ್ಬೇಕು.”

“ಲೇ ಸಣ್ಣಪ್ಪಾ, ನಮ್ಮನ್ನೆಲ್ಲ ಕುರಿ ಅಂತೀಯೇನೋ?” ಎಂದರು ಗೌರಮ್ಮ.

“ನೀನು ಕುರಿ ಅಲ್ಲ ಬಿಡಕ್ಕ, ಟಗರು.”

ಇಡೀ ಗೋದಾಮು ನಕ್ಕಿತು. ನನಗೆ ಮಾತ್ರ ಚಿತ್ರದುರ್ಗದ ಹಾಸ್ಟೆಲ್ ಕಣ್ಣ ಮುಂದೆ ಬಂತು. ಮೊದಲ ವರ್ಷ ಮೂರು ದಿನ ಜ್ವರದಲ್ಲಿ ಮಲಗಿದ್ದರೂ ನಾನು ವಾರ್ಡನ್ನರನ್ನು ಕರೆದಿರಲಿಲ್ಲ. ಕೂಲಿಯವರ ಮನೆಯಲ್ಲಿ ಮಕ್ಕಳಿಗೆ ಮೊದಲು ಕಲಿಸುವುದೇ ಯಾರಿಗೂ ಭಾರವಾಗಬೇಡ ಎಂದು. ಆ ಪಾಠ ಡಿಗ್ರಿಯಿಂದ ಅಳಿಸುವುದಿಲ್ಲ, ಎಂಬತ್ತು ವರ್ಷಕ್ಕೂ ಅಳಿಸುವುದಿಲ್ಲ. ಇದು ಗಂಟೆಯ ಸಮಸ್ಯೆ ಆಗಿರಲೇ ಇಲ್ಲ.

ಸುಧಾರಣಾ ಸೂಚನೆಯಲ್ಲಿ ಹೀಗೆ ಬರೆದೆ: ಕರೆಗೆ ಕಾಯಬಾರದು. ಎದ್ದ ಕೂಡಲೇ, ಕಾಫಿಯಾದ ಮೇಲೆ, ಊಟವಾದ ಮೇಲೆ, ಮತ್ತು ನಡುವೆ ಎರಡು ತಾಸಿಗೊಮ್ಮೆ ಆಯಾ ತಾನೇ ಪ್ರತಿ ಮಂಚಕ್ಕೆ ಹೋಗಬೇಕು. ರುದ್ರಪ್ಪನವರು ಓದಿ, ಸಣ್ಣಪ್ಪನ ಮಾತನ್ನೂ ನನ್ನಿಂದ ಕೇಳಿ, “ಚೆಕ್‌ಲಿಸ್ಟಿನಲ್ಲಿ ಕುರಿ ಕಾಯೋದು ಎಲ್ಲೈತಮ್ಮ?” ಎಂದು ಕಿಚಾಯಿಸಿದರು. ಆದರೂ ಮೂರು ತಿಂಗಳ ಗಡುವು ಕೊಟ್ಟರು. ಬೀಳುವುದು ಕಡಿಮೆಯಾಗದಿದ್ದರೆ ಮುಚ್ಚುವುದೇ ಎಂದರು.

ಮೊದಲ ವಾರ ಸುತ್ತು ಹಾಕಿಯೂ ಕೆಲಸವಾಗಲಿಲ್ಲ. “ಬಾತ್‌ರೂಮಿಗೆ ಹೋಗ್ತೀರಾ?” ಎಂದು ಆಯಾಗಳು ಕೇಳುವರು, “ಬ್ಯಾಡ” ಎಂದು ಇವರು ಹೇಳುವರು, ಅವರು ಆಚೆ ಹೋದ ಮೇಲೆ ಇವರು ಮೆಲ್ಲಗೆ ಏಳುವರು. ದಾರಿ ಕಂಡುಹಿಡಿದವಳು ಶಾರದಾ. ಕೇಳುವುದನ್ನೇ ಬಿಟ್ಟಳು. “ಏಳ್ರಿ ಅಜ್ಜಾ, ಹಂಗೇ ಒಂದು ಸುತ್ತು ಹೋಗ್ಬರಾಣ” ಎಂದು ಕೈ ಕೊಡುತ್ತಿದ್ದಳು. ಸುತ್ತು ಬಚ್ಚಲ ಬಾಗಿಲ ಮುಂದೆ ಹಾದುಹೋಗುತ್ತಿತ್ತು. ಯಾರೂ ಕೇಳಿದಂತಾಗಲಿಲ್ಲ, ಯಾರೂ ಕೊಟ್ಟಂತಾಗಲಿಲ್ಲ. ಒಂದು ತಿಂಗಳು ಯಾರೂ ಬೀಳಲಿಲ್ಲ.

ಸಣ್ಣಪ್ಪ ತಾವೇ ಮೇಲ್ವಿಚಾರಕರಾದರು. ಮಲಗಿದಲ್ಲೇ ಬೆರಳು ಮಡಚಿ ಎಣಿಸುವುದು, “ಹನ್ನೊಂದನೇ ಮಂಚ ಬಿಟ್ಯಲ್ಲೇ ಶಾರದಾ” ಎಂದು ಕೂಗುವುದು. ಎರಡನೇ ತಿಂಗಳಲ್ಲಿ ಒಂದು ಮಧ್ಯಾಹ್ನ ಕೂಗಿದ್ದು ಕೇಳಿಸಲಿಲ್ಲವೆಂದು ತಾವೇ ಎದ್ದು ಹೇಳಲು ಹೊರಟರು. ಜಾರಿ ಬಿದ್ದರು. ಅದೃಷ್ಟಕ್ಕೆ ಮೂಳೆಗೆ ಏನೂ ಆಗಲಿಲ್ಲ, ಮೊಣಕೈ ತರಚಿತು.

ರತ್ನಮ್ಮ ಅವತ್ತೇ ನನಗೆ ಫೋನ್ ಮಾಡಿದರು. “ರಿಜಿಸ್ಟರಿನಲ್ಲಿ ಬರೆದಿದ್ದೀನಿ ಮೇಡಂ. ಅವರ ತಂಗಿಗೂ ಹೇಳಿದೆ.” ಹೇಳದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಸಣ್ಣಪ್ಪ “ಬರೀಬ್ಯಾಡ ತಾಯಿ, ನಾ ಬಿದ್ದೇ ಇಲ್ಲ” ಎಂದು ಕೈ ಮುಗಿದರಂತೆ.

ಮರುದಿನ ಹನುಮಕ್ಕ ಹೇಳಿದಂತೆ ಆಟೋ ತಂದರು. ವಿಷಯ ತಿಳಿದು ನಾನೂ ಹೋಗಿದ್ದೆ. ಆಟೋ ಗೇಟಿನಲ್ಲಿ ನಿಂತಿತ್ತು, ಅಣ್ಣನ ಬಟ್ಟೆ ಗಂಟು ಕಟ್ಟಿ ಅವರ ತೊಡೆಯ ಮೇಲಿತ್ತು. “ಊಟ ಮಾಡ್ಕಂಡು ಹೋಗ್ರಿ, ಕುಂತ್ಕಳ್ರಿ” ಎಂದರು ರತ್ನಮ್ಮ, ಅಷ್ಟೇ. ಹನುಮಕ್ಕ ಊಟ ಮಾಡಿದರು, ಕೂತರು. ಶಾರದಾ ಬಂದಳು, ಕೈ ಕೊಟ್ಟಳು, ಸಣ್ಣಪ್ಪನನ್ನು ಸುತ್ತು ಹೊಡೆಸಿ ತಂದು ಮಲಗಿಸಿದಳು. ಎರಡು ತಾಸಿಗೆ ಮತ್ತೆ ಬಂದಳು. ಹನುಮಕ್ಕ ಎದ್ದು ಗೇಟಿಗೆ ಹೋಗಿ ಆಟೋದವನನ್ನು ಬೈದು ಕಳಿಸಿದರು. ಆ ಬಡಪಾಯಿ ಏನು ತಪ್ಪು ಮಾಡಿದ್ದನೋ.

ಮೂರು ತಿಂಗಳು ತುಂಬಿದಾಗ ರುದ್ರಪ್ಪನವರೇ ಬಂದರು. ರಿಜಿಸ್ಟರಿನ ಮೇಲೆ ಬೆರಳು ಓಡಿಸುತ್ತಾ ಆ ಒಂದು ಸಾಲಿನ ಮೇಲೆ ನಿಲ್ಲಿಸಿದರು.

“ಇದೊಂದು ಬರೀದಿದ್ರೆ ಸೊನ್ನೆ ತೋರಿಸಬಹುದಿತ್ತಲ್ಲ?”

“ಬಿದ್ದಿದ್ದು ನಿಜ ಅಲ್ವಾ ಸಾರ್” ಎಂದರು ರತ್ನಮ್ಮ.

ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಕರೆಗಂಟೆಯ ಅಂಶದ ಎದುರು ‘ಪರ್ಯಾಯ ವ್ಯವಸ್ಥೆ ಇದೆ, ಉತ್ತಮ’ ಎಂದು ಬರೆದು ಹತ್ತಕ್ಕೆ ಎಂಟು ಹಾಕಿದರು. ಎರಡು ಯಾಕೆ ಕಡಿದರೆಂದು ನಾನು ಕೇಳಲಿಲ್ಲ.

ಆಮೇಲೆ ನಿವೃತ್ತಿಯವರೆಗೂ ನಾನು ಯಾವ ಕೇಂದ್ರಕ್ಕೆ ಹೋದರೂ ದೂರುಗಳಿಲ್ಲದ ರಿಜಿಸ್ಟರ್ ತೋರಿಸಿದರೆ ಮೆಚ್ಚಿಕೊಳ್ಳುತ್ತಿರಲಿಲ್ಲ, ಎದ್ದು ಒಳಗೆ ಹೋಗುತ್ತಿದ್ದೆ. ಕರೆಯಲಿಲ್ಲ ಎಂದರೆ ಕಷ್ಟವಿಲ್ಲ ಎಂದಲ್ಲ. ಆರೈಕೆ ಎಂದರೆ ಕೇಳಿದ್ದನ್ನು ಕೊಡುವುದು ಎಂದು ನಾನು ಓದಿದ್ದೆ. ಕೇಳಲು ನಾಚುವವರ ಮರ್ಯಾದೆ ಉಳಿಸಿ ಕೊಡುವುದು ಎಂದು ಆ ಗೋದಾಮಿನಲ್ಲಿ ಕಲಿತೆ.

ಪ್ರಮಾಣಪತ್ರ ಕೊಡುವ ದಿನ ಮಂಚಗಳ ನಡುವೆಯೇ ಕುರ್ಚಿ ಹಾಕಿದ್ದರು. ರುದ್ರಪ್ಪನವರು ಚೌಕಟ್ಟು ಹಾಕಿಸಿದ ಪತ್ರವನ್ನು ರತ್ನಮ್ಮನ ಕೈಗೆ ಕೊಟ್ಟರು; ರತ್ನಮ್ಮ ಅದನ್ನು ಶಾರದಾಳ ಕೈಗೆ ದಾಟಿಸಿದರು. ಮುಂದಿನ ಸಾಲಿನಲ್ಲಿ ಕೂತಿದ್ದ ಹನುಮಕ್ಕ ಕತ್ತು ಚಾಚಿ ನೋಡಿದರು.

“ಅದರಲ್ಲಿ ಏನು ಬರ್ದೈತೋ ನನಗೆ ಓದಾಕೆ ಬರಲ್ಲ” ಎಂದರು. “ನಮ್ಮನೇಲಿ ಮೂರು ಸಲ ಕೂಗಿದ್ರೆ ಸೊಸೆ ಒಂದು ಸಲ ‘ಏನು’ ಅಂತಾಳೆ. ಇಲ್ಲಿ ಕೂಗೋಕೆ ಮುಂಚೇನೇ ಬರ್ತಾರೆ. ಅಣ್ಣನ ಪಕ್ಕ ನನಗೂ ಒಂದು ಮಂಚ ಹಿಡಿದಿಟ್ಟಿರು ರತ್ನಮ್ಮ. ಅವಸರ ಇಲ್ಲ, ಆದ್ರೆ ಕಿಟಕಿ ಕಡೆ ಇರ್ಲಿ.”